ಅಮಾವಾಸ್ಯೆಗೆ ಕೂಡಿಸಿದ ಒಂದು ದಿನ

ಆ ಅಮಾವಾಸ್ಯೆಯ ಮಧ್ಯಾಹ್ನ ಚಳ್ಳಕೆರೆಯ ಸೀರೆ ಅಂಗಡಿಯ ಯಜಮಾನ ಜಂಬುಲಿಂಗಪ್ಪನವರು ಫೋನು ಕೆಳಗಿಟ್ಟು ಕಂಪ್ಯೂಟರ್ ಕಡೆ ತಿರುಗಿದರು.

“ಮೊಳಕಾಲ್ಮೂರಿನ ನಮ್ಮ ನೇಕಾರ ಮಾರುತೇಶ... ತಳಕಿನ ಹತ್ರ ಬೈಕಿಗೆ ಲಾರಿ ಬಡೀತಂತೆ, ಪುಷ್ಪಾ. ಜೀವ ಉಳೀಲಿಲ್ಲ.”

ಅದರ ಮುಂದೆ ಕುಳಿತು ಅಂಗಡಿಯ ಆರ್ಡರ್‌ಗಳನ್ನು ನೋಡುತ್ತಿದ್ದ ಪುಷ್ಪಲತಾಳ ಕೈ ಅಲ್ಲೇ ನಿಂತಿತು.

ತಳಕು ಇರುವುದು ಚಳ್ಳಕೆರೆಯ ದಾರಿಯಲ್ಲಿ. ಅಂದರೆ ಅವನು ಇಲ್ಲಿಗೇ ಬರುತ್ತಿದ್ದ. ಯಾತಕ್ಕೆ? ಲಗ್ನಪತ್ರಿಕೆ ಕೊಡಲಿಕ್ಕೋ?

ಹದಿನೈದು ದಿನದಿಂದ ಅವಳು ಅವನ ಫೋನು ಎತ್ತಿರಲಿಲ್ಲ...

ಅವರ ಪರಿಚಯವಾದದ್ದೇ ಜಗಳದಿಂದ. ಗಿರಾಕಿಗಳು ಮೊಬೈಲಿನಲ್ಲಿ ಫಾರಂ ತುಂಬಿ ಕಳಿಸಿದರೆ, ಕಳಿಸಿದ ತಾರೀಖಿಗೆ ಮೂವತ್ತು ದಿನ ಕೂಡಿ ಸೀರೆಯ ಗಡುವು ತಾನಾಗಿಯೇ ಬೀಳುವಂತೆ ಅವಳು ಮಾಡಿಟ್ಟಿದ್ದಳು. ಎರಡು ವರ್ಷದ ಹಿಂದೆ ಸೀರೆಯ ಗಂಟು ಹೊತ್ತು ಬಂದ ಮಾರುತೇಶ ನಿಂತ ನಿಲುವಿನಲ್ಲೇ ಕೇಳಿದ್ದ:

“ಮೇಡಮ್ಮೋರೇ, ಅಮಾವಾಸ್ಯೆ ದಿನ ನಾವು ಮಗ್ಗ ಮುಟ್ಟಲ್ಲ. ನಿಮ್ಮ ಕಂಪ್ಯೂಟರ್‌ಗೆ ಅದು ಗೊತ್ತೈತೋ, ಇಲ್ಲ ಅದಕ್ಕೂ ನಾನೇ ಪಂಚಾಂಗ ಓದಿ ಹೇಳ್ಬೇಕೋ?”

“ಒಂದು ದಿನಕ್ಕೆ ಇಷ್ಟುದ್ದ ಭಾಷಣಾನಾ?” ಎಂದಿದ್ದಳು ಅವಳು. ಆದರೆ ಸಂಜೆಯೊಳಗೆ ಮೂವತ್ತನ್ನು ಮೂವತ್ತೊಂದು ಮಾಡಿದ್ದಳು.

ಅಂದಿನಿಂದ ಪ್ರತಿ ಅಮಾವಾಸ್ಯೆಗೂ ಅವನು ಬರತೊಡಗಿದ.

“ನೀವೇ ಕೂಡಿಸಿಕೊಟ್ಟ ದಿನ ಇದು. ನಿಮಗಲ್ದೆ ಇನ್ಯಾರಿಗೆ ಕೊಡ್ಲಿ?”

ಪ್ರೀತಿಯೆಂಬ ಮಾತನ್ನು ಇಬ್ಬರೂ ಆಡಲಿಲ್ಲ. ಆಡಲು ಇನ್ನೂ ಎಷ್ಟೋ ಅಮಾವಾಸ್ಯೆಗಳಿವೆ ಎಂದುಕೊಂಡಿದ್ದರು. ದೇವರ ಚಿತ್ತ ಬೇರೆ ಇತ್ತು.

ಹದಿನೈದು ದಿನದ ಹಿಂದೆ ಅವನೇ ಒಂದು ಫಾರಂ ತುಂಬಿ ಕಳಿಸಿದ್ದ. ನೇಯುವವರು: ಮಾರುತೇಶ. ಯಾರಿಗೆ: ನಮ್ಮ ಮನೆಗೆ ಬರುವ ಹುಡುಗಿಗೆ. ಸೆರಗಿನ ಬಣ್ಣ: ಕೇಳಿ ಹೇಳುತ್ತೇನೆ.

ಅವನಿಗೆ ಎಲ್ಲೋ ಹೆಣ್ಣು ಗೊತ್ತುಮಾಡಿದ್ದಾರೆ ಎಂದೇ ಅವಳು ತಿಳಿದಳು. ‘ಬಾಯಿಬಿಟ್ಟು ಹೇಳುವ ಧೈರ್ಯವೂ ಇಲ್ಲ. ಫಾರಂನಲ್ಲಿ ಹೇಳಿದ್ದಾನೆ’ ಎಂದು ಒಳಗೇ ಬೆಂದಳು.

ಈಗ ಕೇಳೋಣವೆಂದರೆ ಅವನೇ ಇಲ್ಲ.

ಗಡುವಿನ ದಿನ ಕಳೆದು ಕಂಪ್ಯೂಟರಿನಲ್ಲಿ ಅವನ ಫಾರಂನ ಸಾಲು ಕೆಂಪಾಯಿತು. ಅಮಾವಾಸ್ಯೆಗೆ ಒಂದು ದಿನ ಕೂಡಿಸಿದ್ದಳು. ಸಾವಿಗೆ ಎಷ್ಟು ಕೂಡಿಸುವುದು?

“ಅದನ್ನ ಅಳಿಸಿಬಿಡಮ್ಮ,” ಎಂದರು ಜಂಬುಲಿಂಗಪ್ಪನವರು.

ಅವಳಿಗೆ ಕೈ ಬರಲಿಲ್ಲ.

ಮುಂದಿನ ಅಮಾವಾಸ್ಯೆಯಂದು ಮಾರುತೇಶನ ತಾಯಿ ಬೋರಕ್ಕ ಅಂಗಡಿಯ ಮೆಟ್ಟಿಲು ಹತ್ತಿ ಬಂದು ಕುಳಿತಳು.

“ಪುಷ್ಪಾ ಅಂದ್ರೆ ನೀನೇನವ್ವ? ಸೂತಕ ಕಳೆದ ಮ್ಯಾಲೆ ಅವನು ಹಿಡಿದಿದ್ದ ಸೀರೆ ಮುಗಿಸಾಕೆ ನಾನೇ ಮಗ್ಗಕ್ಕೆ ಕುಂತೆ. ಒಡಲು ಮುಗಿದೈತೆ, ಸೆರಗು ಉಳಿದೈತೆ. ಬಣ್ಣ ಯಾವ್ದು ಅಂತ ಕೇಳಾಕೆ ಬಂದೆ.”

“ನನ್ನನ್ಯಾಕೆ ಕೇಳ್ತೀರಿ? ಆ ಹುಡುಗೀನ...”

“ಯಾವ ಹುಡುಗಿ? ‘ಪುಷ್ಪಾ ಫೋನ್ ಎತ್ತಲ್ಲ ಕಣವ್ವ, ಸಿಟ್ಟಾಗವ್ಳೆ. ಹೋಗಿ ಸೆರಗಿನ ಬಣ್ಣ ಕೇಳ್ತೀನಿ, ಹಂಗೇ ನಮ್ಮನೆಗೆ ಬರ್ತೀಯಾ ಅಂತಲೂ ಕೇಳ್ಕಂಡು ಬರ್ತೀನಿ’ ಅಂತ ಹೊಂಟ. ಹೊಂಟೋನು...”

ಪುಷ್ಪಲತಾ ಆ ಮುದುಕಿಯ ಮಡಿಲಲ್ಲಿ ತಲೆಯಿಟ್ಟಳು. ಅಷ್ಟು ದಿನ ಬಾರದಿದ್ದ ಅಳು ಬಂತು.

“ಬರ್ತೀನಿ ಅಂತಿದ್ದೆ, ಅವ್ವ.”

“ಅವನಿಗೂ ಗೊತ್ತಿತ್ತು ಕಣವ್ವ. ಇಲ್ದಿದ್ರೆ ನಿನ್ನ ಕೇಳೋಕೆ ಮೊದ್ಲೇ ಸೀರೆ ನೇಯೋಕೆ ಹಿಡೀತಿದ್ನಾ?” ಬೋರಕ್ಕ ಅವಳ ತಲೆ ಸವರಿದಳು. “ಬಣ್ಣ ಹೇಳು. ಬಿಳೀದು ಮಾತ್ರ ಅನ್ಬೇಡ.”

“ಹಸಿರು.”

“ಹಸಿರೇ ಹಾಕ್ತೀನಿ. ಮುಂದೆ ಯಾವ ಮನೆಗೆ ಹೋದ್ರೂ ಅದನ್ನೇ ಉಟ್ಕಂಡು ಹೋಗು.”

ಪುಷ್ಪಲತಾ ಎದ್ದು ಹೋಗಿ ಕೆಂಪು ಸಾಲಿನಲ್ಲಿ ‘ಹಸಿರು’ ಎಂದು ಬರೆದಳು. ಗಡುವನ್ನು ಅಳಿಸಿ ಆ ಜಾಗವನ್ನು ಖಾಲಿ ಬಿಟ್ಟಳು.

ಬೋರಕ್ಕ ನಾಯಕನಹಟ್ಟಿಯ ದಿಕ್ಕಿಗೆ ಕೈ ಮುಗಿದಳು. ಪುಷ್ಪಲತಾಳೂ ಪಕ್ಕದಲ್ಲಿ ನಿಂತು ಮುಗಿದಳು. ಮುದುಕಿ ಬೇಡಿಕೊಂಡಳು:

“ತಿಪ್ಪೇರುದ್ರಸ್ವಾಮಿ, ಅರ್ಧ ದಾರೀಲಿ ನಿಂತ ಜೀವ ಅದು. ನಿನ್ನ ಪಾದದ ಹತ್ರ ಕೂರಿಸ್ಕೋ ತಂದೆ. ನನ್ನ ಮಾರುತೇಶನಿಗೆ ಶಾಂತಿ ಕೊಡು.”