ಲತಾಮಣಿಯ ಮುನ್ನೂರ ನಲವತ್ತು ಶಾರ್ಟ್‌ಕಟ್‌ಗಳು

"ಮುಟ್ಟಬೇಡಿ!"

ಲತಾಮಣಿ ಕೂಗಿದ ರಭಸಕ್ಕೆ ಸ್ಕ್ರೂಡ್ರೈವರ್ ಹಿಡಿದವನ ಕೈ ಅಲ್ಲೇ ನಿಂತಿತು.

2006ನೇ ಇಸವಿಯ ಒಂದು ಬುಧವಾರ. ರಾಮನಗರದ ಸಬ್ ರಿಜಿಸ್ಟ್ರಾರ್ ಕಚೇರಿ ಎದುರಿಗೆ ಪತ್ರ ಬರಹಗಾರ ಸಿದ್ದಯ್ಯನವರ ಅಂಗಡಿ. ಲತಾಮಣಿ ದಿನಾ ದೊಡ್ಡಮಳೂರಿನಿಂದ ಬಂದು ಅಲ್ಲಿ ಕ್ರಯಪತ್ರ, ವಿಭಾಗ ಪತ್ರಗಳನ್ನು ಟೈಪ್ ಮಾಡುತ್ತಿದ್ದಳು. ಎದುರು ನಿಂತವನು ಬಸ್ ಸ್ಟ್ಯಾಂಡ್ ಹತ್ತಿರದ ಕಂಪ್ಯೂಟರ್ ರಿಪೇರಿ ಅಂಗಡಿಯ ಕೆಂಪರಾಜು.

"ಮೇಡಂ, ಹೊಸ ಕಂಪ್ಯೂಟರ್ ಬಂದೈತೆ. ಹಳೇದು ಬಿಚ್ಚು ಅಂತ ಸಿದ್ದಯ್ಯನೋರೇ ಹೇಳವ್ರೆ."

"ಡಬ್ಬ ಅವರದು. ಒಳಗಿರೋದು ನಂದು!"

"ಒಳಗೇನೈತೆ?"

ಅವಳು ಕೂತು, ವರ್ಡ್ ತೆಗೆದು, 'ಚಬ' ಎಂದು ಎರಡಕ್ಷರ ಒತ್ತಿ ಸ್ಪೇಸ್ ಬಾರ್ ತಟ್ಟಿದಳು. ತಕ್ಷಣ ಇಡೀ ಸಾಲು ಮೂಡಿತು... ಸದರಿ ಸ್ವತ್ತಿಗೆ ಚಕ್ಕುಬಂದಿ, ಪೂರ್ವಕ್ಕೆ, ಪಶ್ಚಿಮಕ್ಕೆ, ಉತ್ತರಕ್ಕೆ, ದಕ್ಷಿಣಕ್ಕೆ. ಇನ್ನೆರಡು ಅಕ್ಷರ. 'ನೀವೂ ನಿಮ್ಮ ವಂಶಸ್ಥರೂ ಸುಖವಾಗಿ ಅನುಭವಿಸಿಕೊಂಡು ಬರತಕ್ಕದ್ದು.'

"ಇಂಥವು ಮುನ್ನೂರ ನಲವತ್ತಿವೆ. ಆರು ವರ್ಷದಿಂದ ಒಂದೊಂದಾಗಿ ಸೇರಿಸಿದ್ದೀನಿ. ಇವು ಹೊಸದಕ್ಕೆ ಬರುತ್ತಾ?"

ಕೆಂಪರಾಜು ಸ್ಕ್ರೂಡ್ರೈವರ್ ಕೆಳಗಿಟ್ಟ.

"ಇದು ಬರೀ ಕಂಪ್ಯೂಟರ್ ಅಲ್ಲ ಕಣ್ರೀ... ನಿಮ್ಮ ಬಾಯಿಪಾಠ!"

ಲತಾಮಣಿ ಬೆಚ್ಚಿ ಅವನತ್ತ ನೋಡಿದಳು. ಅವಳ ಅಜ್ಜಿಗೂ ಹಾಗೆಯೇ ಇತ್ತು. ಸಂಜೆ ದೀಪ ಹಚ್ಚಿದ ಮೇಲೆ ಯಾರಾದರೂ ಪದ್ಯದ ಮೊದಲ ಎರಡು ಮಾತು ಎತ್ತಿಕೊಟ್ಟರೆ ಸಾಕು, ಉಳಿದದ್ದು ರಾಗದ ಜೊತೆ ತಾನಾಗಿ ಬರುತ್ತಿತ್ತು. ತನ್ನ ಪಟ್ಟಿಯೂ ಹಾಗೇ ಎಂಬ ಮಾತನ್ನು ಅವಳು ಯಾರಿಗೂ ಹೇಳಿರಲಿಲ್ಲ.

*ಇವನಿಗೆ ಹೇಗೆ ಗೊತ್ತಾಯ್ತು?*

ಎರಡು ದಿನ ಅವನು ಪಕ್ಕದಲ್ಲೇ ಕೂತ. ಮೊದಲ ಪುಟದ ಮೇಲೆ ಮುದ್ರೆಗೆ ಎಷ್ಟು ಜಾಗ, ಸಾಕ್ಷಿಗಳ ಸಹಿಗೆ ಎಷ್ಟು ಗೆರೆ, ಪರದೆಯ ಮೇಲೆ ಯಾವ ಬಟನ್ ಎಲ್ಲಿರಬೇಕು... ಎಲ್ಲ ಕೇಳಿ ಗುರುತು ಹಾಕಿಕೊಂಡ.

"ಪ್ರಿಂಟ್ ಬಟನ್ ಯಾಕ್ ಮೇಡಂ ಈ ಮೂಲೇಲೈತೆ?"

"ಹತ್ತಿರ ಇದ್ರೆ ಸಿದ್ದಯ್ಯನವರು ಬಂದು ಒತ್ತಿಬಿಡ್ತಾರೆ!"

ಕೆಂಪರಾಜು ನಕ್ಕ. ಅವಳೂ ನಕ್ಕಳು. ಅಂಗಡಿಗೆ ಟೀ ತರುವ ಮೆಹಬೂಬ್ ಗುರುವಾರ ಕೇಳದೆಯೇ ಎರಡು ಟೀ ಇಟ್ಟು ಹೋದ. ಅವಳಿಗೆ ಕೆನ್ನೆ ಬಿಸಿಯಾಯಿತು.

ಶುಕ್ರವಾರ ಹೊಸ ಕಂಪ್ಯೂಟರಿಗೆ ಪೂಜೆ. ಸಿದ್ದಯ್ಯನವರು ಬೆಳಗ್ಗೆಯಿಂದ ಗಡಿಯಾರ ನೋಡುತ್ತಿದ್ದರು.

"ಲೇ ಕೆಂಪರಾಜು, ಹತ್ತೂವರೆಗೆ ರಾಹುಕಾಲ ಕಣ್ಲಾ! ಹಳೇದು ಹೊಸದು ಎರಡೂ ಒಂದೇ ಮೇಜಿನ ಮೇಲೆ ಇರಬಾರ್ದು. ಜನಗಳ ಪತ್ರ ಎಲ್ಲ ಅಳಿಸಿ ಕಳಿಸ್ಬುಡು."

"ಒಸಿ ತಡೀರಿ ಸಾ. ಹೊಸದ್ರಲ್ಲಿ ಮೇಡಂ ಒಂದ್ಸಲ ಟೈಪ್ ಮಾಡಿ ನೋಡ್ಲಿ..."

"ಆಮೇಲೆ ನೋಡ್ತಾಳೆ. ಮೊದ್ಲು ಎತ್ತು!"

ಸಿದ್ದಯ್ಯನವರ ಅಳಿಯನ ಟೆಂಪೊ ಬಾಗಿಲಲ್ಲೇ ಕಾಯುತ್ತಿತ್ತು. ಹತ್ತೂಕಾಲಿಗೆ ಹಳೆಯ ಕಂಪ್ಯೂಟರ್ ಹೊರಟುಹೋಯಿತು.

ಮಂಗಳಾರತಿ ತೆಗೆದುಕೊಂಡು ಲತಾಮಣಿ ಹೊಸದರ ಮುಂದೆ ಕೂತಳು. ಬಟನ್‌ಗಳು ಅವಳು ಬಯಸಿದ ಜಾಗದಲ್ಲೇ ಇದ್ದವು. ಮುದ್ರೆಯ ಜಾಗ ಸರಿಯಾಗಿತ್ತು. 'ಚಬ' ಒತ್ತಿದಳು.

'ಚಬ' ಹಾಗೆಯೇ ಉಳಿಯಿತು.

ಇನ್ನೊಂದು ಒತ್ತಿದಳು. ಅದೂ ಅಷ್ಟೇ!

ಕೆಂಪರಾಜುವಿನ ಮುಖ ಬಿಳಿಚಿತು. "ನಾರ್ಮಲ್ ಅನ್ನೋ ಫೈಲ್ ತಂದ್ರೆ ಎಲ್ಲ ಬತ್ತದೆ ಅಂದ್ಕೊಂಡಿದ್ದೆ... ಶಾರ್ಟ್‌ಕಟ್ ಪಟ್ಟಿ ಬೇರೆ ಫೈಲ್‌ನಾಗಿರ್ತದೆ. ಅದನ್ನ ಬಿಟ್ಬುಟ್ಟೆ."

"ಹಳೇದ್ರಲ್ಲಿ ಎಲ್ಲ ಅಳಿಸಿದ್ರಲ್ಲ!"

ಅವನು ಬಾಗಿಲಾಚೆ ಟೆಂಪೊ ಹೋದ ದಾರಿ ನೋಡಿದ.

"ನಂಬಿ ಕೊಟ್ಟೆ ನಿಮಗೆ... ಆರು ವರ್ಷ ರೀ! ಕೆಲಸ ಬರದಿದ್ರೆ ಬರಲ್ಲ ಅನ್ಬೇಕಿತ್ತು. ಹೋಗಿ ಇಲ್ಲಿಂದ!"

ಅವನು ಬ್ಯಾಗ್ ಎತ್ತಿಕೊಂಡು ಹೊರಟೇಹೋದ.

*ತಪ್ಪಾಯ್ತು ಅಂತ ಒಂದು ಮಾತೂ ಇಲ್ಲ...*

ಸಿದ್ದಯ್ಯನವರು ಕನ್ನಡಕ ಸರಿಮಾಡಿಕೊಂಡರು. "ಸೋಮವಾರ ಹನ್ನೆರಡಕ್ಕೆ ಕೂಟಗಲ್ಲಿನ ಅಣ್ಣತಮ್ಮಂದಿರ ವಿಭಾಗ ಪತ್ರ ಐತೆ ಕಣವ್ವ. ಇಪ್ಪತ್ತೆರಡು ಪುಟ. ಆಗದಿದ್ರೆ ಈಗ್ಲೇ ಹೇಳು, ಪಕ್ಕದಂಗಡಿ ಟೈಪಿಸ್ಟ್ ತಾಜ್ ಪಾಷಾನ ನಿನ್ನ ಕುರ್ಚೀಲಿ ಕೂರಿಸ್ತೀನಿ. ಒಂದ್ಸಲ ಅವನು ಕೂತ ಮೇಲೆ ಎಬ್ಬಿಸೋಕಾಗಲ್ಲ, ನೋಡ್ಕೊ."

"ಆಗುತ್ತೆ ಸಾರ್," ಎಂದಳು. ಆಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

ಶನಿವಾರ ಸಂಜೆಯವರೆಗೆ ಅಕ್ಷರ ಅಕ್ಷರ ಒತ್ತಿದರೂ ಮುಗಿದದ್ದು ಆರೇ ಪುಟ. ಮೆಹಬೂಬ್ ಒಂದೇ ಟೀ ಇಟ್ಟ.

"ಅಕ್ಕ, ಕೆಂಪರಾಜಣ್ಣ ಅಂಗಡಿಗೆ ಬೀಗ ಹಾಕ್ಬುಟ್ಟವ್ನೆ. ಬೆಳಗ್ಗೆ ಹಾರೋಹಳ್ಳಿಗೆ ಹೊಂಟಿದ್ದ. ಅಲ್ಲಿ ಫ್ಯಾಕ್ಟರೀಲಿ ಜನ ತಗೋತಾವ್ರಂತಲ್ಲ?"

ಲತಾಮಣಿ ಗ್ಲಾಸ್ ಮುಟ್ಟಲಿಲ್ಲ.

*ನಾನು ಬೈದೆ ಅಂತ ಊರೇ ಬಿಟ್ರಾ? ಅಥವಾ... ಅವರಿಗೆ ಇದು ಇಷ್ಟೇನಾ?*

ಭಾನುವಾರ ಅಪ್ರಮೇಯಸ್ವಾಮಿ ಗುಡಿಯಲ್ಲಿ ಕಣ್ಣು ಮುಚ್ಚಿ ನಿಂತಳು. ಪಟ್ಟಿ ಬೇಕೆಂದು ಕೇಳಲು ಬಂದವಳು, ಕೇಳಿದ್ದು ಬೇರೆ. 'ಅವರು ಎಲ್ಲಿದ್ರೂ ಚೆನ್ನಾಗಿರ್ಲಿ, ಸ್ವಾಮಿ.'

ಸೋಮವಾರ ಏಳೂವರೆಗೆ ಬಂದರೆ, ಮುಚ್ಚಿದ ಬಾಗಿಲ ಮೆಟ್ಟಿಲ ಮೇಲೆ ಕೆಂಪರಾಜು ಕೂತಿದ್ದ! ತಲೆಯ ಮೇಲೆಲ್ಲ ಧೂಳು. ಕೈಯಲ್ಲಿ ಪೆನ್ ಡ್ರೈವ್.

"ಬಾಗ್ಲು ತೆಗೀರಿ ಮೇಡಂ."

ಅವಳು ತೆಗೆದಳು. ಅವನು ಫೈಲ್ ಹಾಕಿ ಕುರ್ಚಿ ಬಿಟ್ಟು ಎದ್ದ. ಅವಳು ಕೂತು 'ಚಬ' ಒತ್ತಿದಳು... ಸಾಲು ಪೂರ್ತಿಯಾಗಿ ಮೂಡಿತು! ಅವಳ ಕಣ್ಣು ಮಂಜಾಯಿತು.

"ಎಲ್ಲಿಂದ ತಂದ್ರಿ?"

"ಸಿದ್ದಯ್ಯನೋರ ಅಳಿಯನ ವೇಬ್ರಿಡ್ಜ್, ಲಾರಿ ತೂಕ ಹಾಕೋದು, ಇರೋದು ಹಾರೋಹಳ್ಳೀಲಿ. ಕಂಪ್ಯೂಟರ್ ಅಲ್ಲಿಟ್ಟವ್ರೆ. ನಾನು ಪತ್ರಗಳನ್ನ ಮಾತ್ರ ಅಳಿಸಿದ್ದೆ. ಶನಿವಾರ ಹೋದ್ರೆ ಆಪೀಸು ಬೀಗ, ಅಳಿಯ ಊರಿಗೆ ಹೋಗವ್ರೆ. ನಿನ್ನೆ ಸಂಜೆ ಬಂದ್ರು. ಅಲ್ಲೀವರೆಗೂ ಗೇಟ್ ಹತ್ರಾನೇ ಇದ್ದೆ."

"ಶುಕ್ರವಾರಾನೇ ಹೇಳಬಾರದಿತ್ತಾ? ನಾನು ಏನೇನೋ ಅಂದೆ..."

"ಅಳಿಯ ಅಷ್ಟರಲ್ಲಿ ಎಲ್ಲ ಅಳಿಸಿ ಹೊಸದಾಗಿ ಹಾಕಿಸ್ಬುಟ್ಟಿದ್ರೆ? ಐತೆ ಅಂತ ಹೇಳ್ಬುಟ್ಟು ಬರಿಗೈಲಿ ಬಂದ್ರೆ ನಿಮಗೆ ಎರಡು ಸಲ ನೋವು."

ಲತಾಮಣಿ ಏಳನೇ ಪುಟ ತೆಗೆದು ಟೈಪ್ ಮಾಡತೊಡಗಿದಳು. ಹನ್ನೊಂದೂವರೆಗೆ ಇಪ್ಪತ್ತೆರಡನೇ ಪುಟ ಹೊರಬಂತು. ಸಿದ್ದಯ್ಯನವರು ಎರಡು ಸಲ ಓದಿದರು.

"ಒಂದು ತಪ್ಪಿಲ್ಲ ಕಣವ್ವ. ಕುರ್ಚಿ ನಿಂದೇ," ಎಂದು ಅಣ್ಣತಮ್ಮಂದಿರ ಜೊತೆ ಕಚೇರಿಗೆ ಹೋದರು.

ಅಂಗಡಿಯಲ್ಲಿ ಇಬ್ಬರೇ. ಲತಾಮಣಿ ಪರದೆ ನೋಡುತ್ತಲೇ ಹೇಳಿದಳು, "ಪಟ್ಟೀನ ಪೂರ್ತಿ ನೋಡಿದೆ. ಮುನ್ನೂರ ನಲವತ್ತೇ ಇವೆ."

"ಎಷ್ಟಿರಬೇಕಿತ್ತು?"

"ನಿಮ್ಮದೂ ಒಂದು ಸೇರಿಸಿರ್ತೀರೇನೋ ಅಂದ್ಕೊಂಡೆ..."

ಕೆಂಪರಾಜು ತಲೆ ಅಲ್ಲಾಡಿಸಿದ. "ಆಸೆ ಆಯ್ತು. ಆದ್ರೆ ಅದು ನಿಮ್ಮ ಪಟ್ಟಿ. ಕೇಳ್ದೆ ಕೈ ಹಾಕೋಕೆ ಮನಸ್ಸು ಬರ್ನಿಲ್ಲ. ಬಾಯಲ್ಲೇ ಕೇಳ್ತೀನಿ... ನನ್ನ ಮದುವೆ ಆಗ್ತೀಯಾ, ಲತಾ?"

ಮೇಡಂ ಹೋಗಿ ಲತಾ ಆಗಿದ್ದಳು! ಅವಳು ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು.

"ಬರೋ ಭಾನುವಾರ ಅಪ್ಪ ಮನೇಲಿರ್ತಾರೆ."

"ಒಬ್ನೇ ಬರ್ಲಾ?"

"ನಿಮ್ಮವ್ವನ್ನ ಕರ್ಕೊಂಡು ಬನ್ನಿ. ಒಬ್ಬರೇ ಬಂದ್ರೆ ಅಪ್ಪ ನಮ್ಮನೆ ಕೆಟ್ಟಿರೋ ರೇಡಿಯೊ ಬಿಚ್ಚೋಕೆ ಕೂರಿಸ್ತಾರೆ."

"ಬಿಚ್ಚಿದ್ರಾಯ್ತು ಬಿಡು."

"ಬಿಚ್ಚೋ ಮೊದಲು ನನ್ನನ್ನ ಕರೀರಿ," ಎಂದು ಲತಾಮಣಿ ನಕ್ಕಳು. "ಇನ್ಮೇಲೆ ಇಬ್ಬರೂ ಕೂತು ನೋಡೋಣ."