ಕೊನೆಯ ಚೌಕ

"ಸಹಿ ಹಾಕೇ! 'ಇಲ್ಲ' ಅನ್ನೋ ಚೌಕದಲ್ಲಿ ಒಂದು ಗೆರೆ ಎಳೆಯೋಕೆ ನಿನ್ನ ಕೈಗೇನು ಲಕ್ವಾ ಹೊಡೆದಿದೆಯಾ?"

ಭಾನುವಾರದ ಮಧ್ಯಾಹ್ನದ ಊಟದ ಮೇಜಿನ ಮೇಲೆ ಡೋರೀನ್ ಗ್ರೇವಿಯ ಪಾತ್ರೆಯನ್ನು ಕುಕ್ಕಿದ ರಭಸಕ್ಕೆ ಎರಡು ಹನಿ ಹಾರಿ ಆ ಕಾಗದದ ಅಂಚಿಗೆ ಬಿದ್ದವು. ಸೊಸೆ ಲೋರ್ನಾ ಗಾಬರಿಯಿಂದ ಅದನ್ನು ಎತ್ತಿಕೊಂಡು ಏಪ್ರನ್ನಿನಿಂದ ಒರೆಸಿದಳು. ಎದುರಿಗೆ ಗಂಡ ಕ್ರೇಗ್ ತಟ್ಟೆಯಲ್ಲಿನ ಆಲೂಗಡ್ಡೆಯನ್ನು ತಿನ್ನದೆ, ಬಿಡದೆ ಚುಚ್ಚುತ್ತಾ ಕೂತಿದ್ದ. ಆರು ವರ್ಷದ ಎಲ್ಸಿಗೆ ಮಾತ್ರ ಖುಷಿಯೋ ಖುಷಿ. "ನಮ್ಮಮ್ಮ ಸಾಲಿಸಿಟರ್ ಆಗ್ತಾಳೆ, ದೊಡ್ಡ ಲಾಯರ್!" ಎಂದು ಶಾಲೆಯಲ್ಲೆಲ್ಲ ಸಾರಿ ಬಂದಿದ್ದಳು ಪಾಪ.

ಅಯ್ಯೋ, ಆ ಕಾಗದಕ್ಕಾಗಿ ಲೋರ್ನಾ ಸವೆಸಿದ ದಿನಗಳೇನು ಕಡಿಮೆಯೇ! ಹಡರ್ಸ್‌ಫೀಲ್ಡ್‌ನ ಒಂದು ಸಣ್ಣ ವಕೀಲರ ಕಚೇರಿಯಲ್ಲಿ ಹನ್ನೊಂದು ವರ್ಷ ಟೈಪಿಸ್ಟ್ ಆಗಿ ಬೆರಳು ಸವೆಸಿದವಳು ಅವಳು. ಬಸ್ಸಿನಲ್ಲಿ ಓದಿ, ಮಗಳಿಗೆ ಸ್ನಾನ ಮಾಡಿಸುತ್ತಾ ಕಾಯಿದೆ ಬಾಯಿಪಾಠ ಮಾಡಿ ಪರೀಕ್ಷೆಗಳನ್ನೆಲ್ಲ ಪಾಸು ಮಾಡಿದ್ದಳು. ಆದರೆ ಪಾಸಾದರಷ್ಟೇ ಸಾಕೇ? ಯಾವುದಾದರೂ ದೊಡ್ಡ ವಕೀಲ ಸಂಸ್ಥೆ ಎರಡು ವರ್ಷ ತರಬೇತಿಗೆ ಸೇರಿಸಿಕೊಳ್ಳಬೇಕು. ನಾಲ್ಕು ವರ್ಷ ಅರ್ಜಿ ಹಾಕಿದಳು, ಎಲ್ಲಕ್ಕೂ 'ವಿಷಾದಿಸುತ್ತೇವೆ' ಎಂಬ ಒಂದೇ ಉತ್ತರ. ಒಮ್ಮೆಯಂತೂ ಅವಸರದಲ್ಲಿ ಒಂದು ಸಂಸ್ಥೆಯ ಹೆಸರಿದ್ದ ಪತ್ರವನ್ನು ಇನ್ನೊಂದಕ್ಕೆ ಕಳಿಸಿ, ಸ್ನಾನದ ಮನೆಯ ಬಾಗಿಲು ಹಾಕಿಕೊಂಡು ಅತ್ತಿದ್ದಳು.

ಆಗ ಅವಳನ್ನು ಕೂರಿಸಿಕೊಂಡು ಬುದ್ಧಿ ಹೇಳಿದವರು ಕಚೇರಿಯ ಒಡತಿ ಜೂಡಿತ್ ಆಸ್ಕ್ಯೂ. ಅರವತ್ತು ದಾಟಿದ ಹೆಂಗಸು, ಮಾತು ಖಡಕ್ಕು.

"ಇದೇನೇ ಬರೆದಿದ್ದೀಯ? ಅವರ ಜಾಹೀರಾತನ್ನೇ ಅವರಿಗೆ ವಾಪಸ್ ಓದಿ ಹೇಳ್ತೀಯಾ? ಅವರು ದೊಡ್ಡೋರು ಅಂತ ಅವರಿಗೆ ಗೊತ್ತಿಲ್ವಾ? ಹತ್ತು ಕಡೆ ಒಂದೇ ಪತ್ರ ಎಸೀಬೇಡ. ಒಂದೇ ಕಡೆ ಬರಿ, ಅವರು ಯಾರ ಕೇಸು ಹಿಡೀತಾರೆ ಅಂತ ತಿಳ್ಕೊಂಡು ಬರಿ. ಮತ್ತೆ ಟೈಪಿಸ್ಟ್ ಕೆಲಸ ಮಾಡ್ತೀನಿ ಅನ್ನೋದನ್ನ ಯಾಕೆ ಮುಚ್ಚಿಟ್ಟಿದ್ದೀಯ? ಮನೆ ಕಳ್ಕೊಂಡು ಅಳ್ತಾ ಬರೋರಿಗೆ ಹನ್ನೊಂದು ವರ್ಷದಿಂದ ಎಲ್ಲರಿಗಿಂತ ಮೊದಲು ಕುರ್ಚಿ ಹಾಕ್ತಿರೋಳು ನೀನು. ಅದನ್ನ ಬರಿ! ಫೇಲಾಗಿದ್ರೆ ಫೇಲಾದೆ ಅಂತ್ಲೇ ಬರಿ. ಎಲ್ಲಾನೂ ಕ್ಷಮಿಸ್ತಾರೆ ಲೋರ್ನಾ... ಸುಳ್ಳೊಂದನ್ನ ಬಿಟ್ಟು."

ಹಾಗೇ ಬರೆದಳು. ಲೀಡ್ಸ್‌ನ ಸಂಸ್ಥೆಯೊಂದು ಕರೆಯಿತು, ಮಾತಾಡಿಸಿತು, ಶುಕ್ರವಾರ ಫೋನು ಮಾಡಿ "ನೀವೇ ಬೇಕು" ಎಂದಿತು! ಉಳಿದದ್ದು ಇದೊಂದು ಫಾರಂ, ಸೋಮವಾರದೊಳಗೆ ತಲುಪಬೇಕು. ಅದರ ಕೊನೆಯ ಪ್ರಶ್ನೆ ಒಂದೇ ಸಾಲಿನದು. *ನಿಮ್ಮ ಪ್ರಾಮಾಣಿಕತೆಯನ್ನು ಪ್ರಶ್ನಿಸುವಂಥ ಯಾವುದೇ ಕೆಲಸ ನೀವು ಎಂದಾದರೂ ಮಾಡಿದ್ದೀರಾ?*

ಮಾಡಿದ್ದಳು. ಇದೇ ಮೇಜಿನ ಮೇಲೆ, ಏಳು ವರ್ಷದ ಹಿಂದೆ.

ಕ್ರೇಗ್ ಟೂರಿಸ್ಟ್ ಬಸ್ಸು ಓಡಿಸುವವನು. ಮನೆಯ ಕಾರಿನಲ್ಲಿ ಬೆಟ್ಟದ ರಸ್ತೆಯಲ್ಲಿ ಜೋರಾಗಿ ಬರುವಾಗ ಕ್ಯಾಮೆರಾಗೆ ಸಿಕ್ಕಿಬಿದ್ದಿದ್ದ. ಅವನ ಲೈಸೆನ್ಸಿನ ಮೇಲೆ ಆಗಲೇ ಒಂಬತ್ತು ತಪ್ಪಿನ ಪಾಯಿಂಟು. ಇನ್ನು ಮೂರು ಬಿದ್ದರೆ ಲೈಸೆನ್ಸೂ ಇಲ್ಲ, ಕೆಲಸವೂ ಇಲ್ಲ. 'ಕಾರು ಓಡಿಸುತ್ತಿದ್ದವರು ಯಾರು?' ಎಂದು ಪೊಲೀಸರ ಪತ್ರ ಬಂದಾಗ ಲೋರ್ನಾಗೆ ಏಳು ತಿಂಗಳು. ಡೋರೀನ್ ಪೆನ್ನು ತಂದು ಸೊಸೆಯ ಕೈಗೆ ತುರುಕಿದ್ದಳು. "ನೀನೇ ಓಡಿಸ್ತಿದ್ದೆ ಅಂತ ಬರಿ. ನಿನ್ನ ಲೈಸೆನ್ಸು ಹಾಲಿನಷ್ಟು ಸ್ವಚ್ಛ ಇದೆ. ಈ ಬೀದೀಲಿ ಯಾರು ಮಾಡಿಲ್ಲ ಹೇಳು? ಹುಟ್ಟೋ ಮಗೂಗೆ ಏನು ಹಾಕ್ತೀಯ, ಗಾಳಿನಾ?" ಬರೆದಳು. ಪೊಲೀಸರೂ ನಂಬಿದರು. ಬೀದಿಗೆಲ್ಲ ಇಂಥದ್ದು ನಗೆಯ ವಿಷಯ, ಕಾನೂನಿಗೆ ಮಾತ್ರ ಜೈಲಿನ ವಿಷಯ.

"ನೋಡಿ ಡೋರೀನ್," ಎಂದಳು ಲೋರ್ನಾ, "ಒಂದು ಸಲ ನೀವು ಹೇಳಿದ್ರಿ ಅಂತ ಬರೆದೆ. ಈಗ ಇದಕ್ಕೂ ಸುಳ್ಳು ಬರೆದು, ನಾಳೆ ಯಾವ ಮುಖ ಇಟ್ಕೊಂಡು ಕೋರ್ಟಲ್ಲಿ ನಿಲ್ಲಲಿ?"

"ಓಹೋ! ಸತ್ಯವಂತೆ ಬಂದಳಪ್ಪ! 'ಹೌದು' ಅಂತ ಬರೆದು ನನ್ನ ಮಗನ್ನ ಜೈಲಿಗೆ ಕಳಿಸ್ತೀಯಾ? ನೀನೂ ಹೋಗ್ತೀಯ. ಈ ಕೂಸಿಗೆ ಊಟ ಹಾಕೋರು ಯಾರೇ?"

"ಮಮ್, ಸಾಕು..." ಎಂದ ಕ್ರೇಗ್. ಹೆಂಡತಿಯ ಮುಖ ನೋಡುವ ಧೈರ್ಯ ಅವನಿಗಿರಲಿಲ್ಲ. "ನೀನು ಹೇಗೆ ಹೇಳಿದ್ರೆ ಹಾಗೆ, ಲವ್. 'ಹೌದು' ಅಂತ ಬರೀತೀನಿ ಅಂದ್ರೆ... ಬರಿ."

ಇಂಥ ಉದಾರತೆಯನ್ನು ಏಳು ವರ್ಷದ ಹಿಂದೆ ತೋರಿಸಬಾರದಿತ್ತೇ, ಮಹರಾಯ!

ಸೋಮವಾರ ಬೆಳಿಗ್ಗೆ ಲೋರ್ನಾ ಜೂಡಿತ್ ಅವರ ಕೋಣೆಯ ಬಾಗಿಲು ತಟ್ಟಿದಳು. "ಒಂದು ವಿಷಯ ಕೇಳ್ಬೇಕಿತ್ತು. ಯಾರೋ ಒಬ್ಬಳು... ಹಿಂದೆ ಯಾವಾಗಲೋ, ಗಂಡನಿಗೋಸ್ಕರ ಪೊಲೀಸರಿಗೆ..."

ಜೂಡಿತ್ ಸರಕ್ಕನೆ ಕೈ ಎತ್ತಿದರು. "ಬೇಡ. ಮುಂದೆ ಒಂದಕ್ಷರ ಹೇಳ್ಬೇಡ!"

"ಸಲಹೆ ಕೇಳೋಕೆ ಅಷ್ಟೇ—"

"ನನ್ನ ಹತ್ರ ಕೆಲಸ ಮಾಡೋಳು ನೀನು. ನೀನು ಬಾಯಿಬಿಟ್ರೆ ನಾನು ವಕೀಲರ ಮಂಡಳಿಗೆ ತಿಳಿಸ್ಲೇಬೇಕು. ಅದು ನಮ್ಮ ವೃತ್ತಿ ನಿಯಮ. ಸುಮ್ಮನಿರೋಕೆ ನನ್ನ ಕೈಲಿ ಆಗಲ್ಲ ಕಣೇ... ಆಗಲ್ಲ." ಆ ಖಡಕ್ಕು ಹೆಂಗಸು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಾಲ್ಕು ವರ್ಷ ಎಲ್ಲದಕ್ಕೂ ಸಲಹೆ ಕೊಟ್ಟವರು, ಬೇಕಾದ ಈ ಒಂದು ದಿನ ಬಾಯಿ ಮುಚ್ಚಿಕೊಳ್ಳಬೇಕಾಯಿತು.

ಯಾವ ಸಂಸ್ಥೆಗೆ ಹೋದರೂ ಆ ಪ್ರಶ್ನೆ ಇದ್ದೇ ಇರುತ್ತದೆ. 'ಹೌದು' ಎಂದರೆ ಸಂಸಾರ ಹೋಗುತ್ತದೆ, 'ಇಲ್ಲ' ಎಂದರೆ ತನ್ನ ಪ್ರಾಮಾಣಿಕತೆಯೇ ಹೋಗುತ್ತದೆ. ಲೋರ್ನಾ ಮಧ್ಯಾಹ್ನ ಮನೆಗೆ ಬಂದು, ಅಡುಗೆಮನೆಯಲ್ಲಿ ನಿಂತುಕೊಂಡೇ ಲೀಡ್ಸ್‌ಗೆ ಫೋನು ಮಾಡಿದಳು. "ಮನೆಯ ಕಾರಣ... ಹೌದು, ಯೋಚನೆ ಮಾಡಿಯೇ ಹೇಳ್ತಿದ್ದೀನಿ. ಕ್ಷಮಿಸಿ." ಅಷ್ಟೇ. ಹನ್ನೊಂದು ವರ್ಷದ ಆಸೆ ಒಂದು ನಿಮಿಷದಲ್ಲಿ ಮುಗಿದುಹೋಯಿತು!

ಬಾಗಿಲಲ್ಲಿ ಡೋರೀನ್ ನಿಂತಿದ್ದಳು. ಬೈಯುತ್ತಾಳೆಂದು ಲೋರ್ನಾ ಕಾದಳು. ಆದರೆ ಮುದುಕಿ ಒಳಗೆ ಬಂದು ಅವಳ ಕೈ ಹಿಡಿದಳು.

"ಬಿಟ್ಟೇಬಿಟ್ಟೆಯಾ?... ಲೋರ್ನಾ, ಇನ್ನೊಂದು ಸಲ ಫೋನು ಹಚ್ಚೇ. ಆವತ್ತು ಕಾರು ಓಡಿಸಿದ್ದು ನಾನೇ ಅಂತ ಬರ್ಕೊಡ್ತೀನಿ. ನಾನು ಮುದುಕಿ, ಹಿಡ್ಕೊಂಡು ಹೋಗ್ಲಿ. ಎಲ್ಲಿ, ಆ ಪೆನ್ನು ತಾ!"

ಡೋರೀನ್ ಜನ್ಮದಲ್ಲೇ ಸ್ಟೇರಿಂಗ್ ಮುಟ್ಟಿದವಳಲ್ಲ. ಪ್ರೀತಿ ತೋರಿಸಲು ಆ ಜೀವಕ್ಕೆ ತಿಳಿದಿದ್ದ ದಾರಿ ಇನ್ನೊಂದು ಸುಳ್ಳು ಮಾತ್ರ. ಲೋರ್ನಾಗೆ ನಗುವೂ ಅಳುವೂ ಒಟ್ಟಿಗೇ ಉಕ್ಕಿ ಬಂತು. ಅತ್ತೆಯನ್ನು ಕುರ್ಚಿಗೆ ಕೂರಿಸಿ, ಚಹಾಕ್ಕೆ ನೀರಿಟ್ಟಳು. ಮೂರೂವರೆಗೆ ಎಲ್ಸಿ ಶಾಲೆಯಿಂದ ಬಂದವಳೇ, "ಅಮ್ಮಾ, ಲೀಡ್ಸ್‌ಗೆ ಯಾವತ್ತು ಹೋಗ್ತೀಯ?" ಎಂದು ಕೇಳಿದಳು. ಡೋರೀನ್ ಮೊಮ್ಮಗಳ ಕೈಗೆ ಬಿಸ್ಕತ್ತು ಕೊಟ್ಟಳು, ಲೋರ್ನಾ ಬಗ್ಗಿ ಅವಳ ಬೂಟಿನ ದಾರ ಬಿಚ್ಚತೊಡಗಿದಳು.

ಮರುವರ್ಷ ಕಚೇರಿಗೆ ಟ್ಯಾಮ್‌ಸಿನ್ ಎಂಬ ಹೊಸ ಪದವೀಧರೆ ಬಂದಳು. ತನ್ನ ತರಬೇತಿಯ ಅರ್ಜಿಯನ್ನು ತಂದು ಲೋರ್ನಾಳ ಟೈಪಿಂಗ್ ಮೇಜಿನ ಮೇಲಿಟ್ಟಳು. ಲೋರ್ನಾ ಹೊಗಳಿಕೆಯನ್ನೆಲ್ಲ ಹೊಡೆದುಹಾಕಿ, ಹುಡುಗಿ ಬೇಕರಿಯಲ್ಲಿ ದುಡಿದ ಎರಡು ವರ್ಷವನ್ನು ಮೇಲಕ್ಕೆ ತಂದು, ಸಂಸ್ಥೆಯ ಹೆಸರನ್ನು ಮೂರು ಸಲ ನೋಡಿದಳು. ಟ್ಯಾಮ್‌ಸಿನ್ ಕೊನೆಯ ಚೌಕದಲ್ಲಿ ಓದದೆಯೇ ಸರ್ರನೆ 'ಇಲ್ಲ' ಎಂದು ಗೆರೆ ಎಳೆದಳು.

"ಮೊದಲು ಓದು," ಎಂದಳು ಲೋರ್ನಾ. "ಓದಿ ಆಮೇಲೆ ಹಾಕು."

ಹುಡುಗಿ ಓದಿ ನಕ್ಕಳು. "ಇದಾ? ಇಡೀ ಫಾರಂನಲ್ಲಿ ಸುಲಭದ್ದು ಇದೊಂದೇ! ಹೌದೂ, ಇಷ್ಟೆಲ್ಲ ಗೊತ್ತಿದ್ದೂ ನೀನ್ಯಾಕೆ ಅರ್ಜಿ ಹಾಕ್ಲಿಲ್ಲ ಲೋರ್ನಾ?"

"ಹಾಕಿದ್ದೆ ಕಣೇ," ಎಂದಳು ಲೋರ್ನಾ, "ಸುಲಭದ ಪ್ರಶ್ನೆಗೇ ಉತ್ತರ ಬರೆಯೋಕಾಗ್ಲಿಲ್ಲ." ಮತ್ತೆ ಕನ್ನಡಕ ಏರಿಸಿ, ಜೂಡಿತ್ ಅವರ ಅರ್ಧ ಉಳಿದಿದ್ದ ಪತ್ರವನ್ನು ಟೈಪ್ ಮಾಡತೊಡಗಿದಳು.