ಚೀಲದ ಮೇಲಿನ ಹುಳುತೂತು

ಮಹಿಳಾ ಹೆಡ್ ಕಾನ್‌ಸ್ಟೇಬಲ್ ಕಡತಕ್ಕೆ ದಬ್ಬಳದಿಂದ ತೂತು ಹಾಕಿ ದಾರ ಪೋಣಿಸುತ್ತಿದ್ದಳು. ಮಂಗಳವಾರ ಬೆಳಿಗ್ಗೆ 10.20ಕ್ಕೆ ವೈದ್ಯಕೀಯ ಕಾಲೇಜಿನ ಗ್ರಂಥಪಾಲಕ ಠಾಣೆಯೊಳಗೆ ಬಂದು ಇನ್‌ಸ್ಪೆಕ್ಟರ್ ಮೇಜಿನ ಮೇಲೆ ಒಂದು ಬಟ್ಟೆ ಚೀಲ ಎಸೆದ.

ಚೀಲದ ಮೇಲೆ, ಹೊಟ್ಟೆ ಸೀಳಿಕೊಂಡು ನಿಂತ ಮನುಷ್ಯನ ಹಳೆಯ ಕಾಲದ ಚಿತ್ರ. ಕರುಳು, ಯಕೃತ್ತು, ನರ, ಎಲ್ಲವೂ ಕೂದಲೆಳೆಯಂಥ ಗೆರೆಗಳಲ್ಲಿ.

"ಇದು ನಮ್ಮ ಪುಸ್ತಕದ್ದು. ಹುಡುಗಿಯೊಬ್ಬಳ ಹೆಗಲಲ್ಲಿ ನೋಡಿ ಕೇಳಿ ತಂದೆ. ಹೋಗಿ ಪುಸ್ತಕ ತೆಗೆದ್ರೆ ಹಾಳೆನೇ ಇಲ್ಲ. ಹಿಡಿದು ಒಳಗೆ ಹಾಕಿ."

"ಯಾರನ್ನ, ಚೀಲಾನಾ?"

"ತಮಾಷೆ ಬೇಡ. ಇನ್ನೂರು ವರ್ಷದ ಪುಸ್ತಕ!"

11 ಗಂಟೆಗೆ ಎಫ್‌ಐಆರ್ ದಾಖಲಾಯಿತು.

12.15ಕ್ಕೆ ಗ್ರಂಥಾಲಯದಲ್ಲಿ ಪುಸ್ತಕ ತೆರೆದಾಗ ಹೆಡ್ ಕಾನ್‌ಸ್ಟೇಬಲ್ ಬಗ್ಗಿದಳು. ಕತ್ತರಿಸಿದ ಹಾಳೆಯ ಬುಡದಲ್ಲಿ ಅರ್ಧ ಇಂಚು ಉಳಿದಿತ್ತು.

"ಕಳ್ಳ ಬುಡಕ್ಕೇ ಬ್ಲೇಡ್ ಹಾಕ್ತಾನೆ ಸಾರ್. ಹಾಗೆ ಹಾಕಿದ್ರೆ ಹೊಲಿಗೆಯ ಆಚೆ ಕಡೆ ಇರೋ ಜೋಡಿ ಹಾಳೆ ಉದುರುತ್ತೆ. ಇವರು ಅದನ್ನ ಉಳಿಸಿದಾರೆ, ಹೊಲಿಗೆ ಗೊತ್ತಿರೋರು."

ಇನ್‌ಸ್ಪೆಕ್ಟರ್ ಗ್ರಂಥಪಾಲಕನ ಕಡೆ ತಿರುಗಿದ. "ರಿಪೇರಿ ಯಾರದು?"

"ಬೈಂಡಿಂಗ್‌ನವಳದ್ದು. ಹದಿನಾರು ವರ್ಷದಿಂದ. ಅವಳು ಮುಟ್ಟೋವಾಗ ನಾನೇ ಎದುರು ನಿಂತಿರ್ತೀನಿ. ಬೆನ್ನು ಹೊಲಿದು ಕೊಡಬೇಕು, ಅಷ್ಟೇ. ತೆರೆದು ನೋಡೋಕೆ ಬಿಡಲ್ಲ."

"ಒಂದು ಕ್ಷಣಾನೂ ಆಚೆ ಹೋಗಿಲ್ಲ?"

ಅವನು ಕನ್ನಡಕ ಒರೆಸಿದ. "ಒಂದ್ಸಲ ಫೋನ್ ಬಂತು."

"ಬಂದು ಹಾಳೆ ಎಣಿಸಿದ್ರಾ?"

ಅವನು ರಿಜಿಸ್ಟರ್ ಮುಂದಕ್ಕೆ ತಳ್ಳಿದ. ಅದರಲ್ಲಿ ಹೋದ ವರ್ಷದ ರಿಪೇರಿ ತಾರೀಖಿನ ಮುಂದೆ 'ಹಾಳೆ ಸರಿಯಿದೆ' ಎಂದು ಅವನದೇ ಸಹಿ ಇತ್ತು.

ಚೀಲದ ಅಂಚಿನ ಚೀಟಿಯಲ್ಲಿದ್ದ ವಿಳಾಸ ಹಿಡಿದು 3.40ಕ್ಕೆ ಚೀಲ ಅಚ್ಚು ಹಾಕುವ ಕಾರ್ಖಾನೆಗೆ ಹೋದರು. ಹಗ್ಗದ ಮೇಲೆ ನೂರಾರು ಚೀಲ ಒಣಗುತ್ತಿದ್ದವು. ಮಾಲೀಕ ಕುರ್ಚಿಯಿಂದ ಏಳಲಿಲ್ಲ.

"ಇಂಥ ಚಿತ್ರ ಲೋಕದಲ್ಲಿ ಸಾವಿರ ಇವೆ."

ಹೆಡ್ ಕಾನ್‌ಸ್ಟೇಬಲ್ ಗ್ರಂಥಾಲಯದಿಂದ ತಂದ ಪುಸ್ತಕವನ್ನು ತೆರೆದು ಚೀಲದ ಪಕ್ಕ ಇಟ್ಟಳು. ಚೀಲದ ಚಿತ್ರ ಹಾಳೆಯಷ್ಟೇ ಅಳತೆಯದು. ಯಕೃತ್ತಿನ ಮೇಲೆ ಸಾಸಿವೆಯಷ್ಟು ಸಣ್ಣ ಉಂಗುರ.

"ಇದೇನು?" ಎಂದ ಇನ್‌ಸ್ಪೆಕ್ಟರ್.

"ಮೂಲದಲ್ಲೇ ಇತ್ತು. ದೇಹದ ಭಾಗ ಇರಬೇಕು," ಎಂದ ಮಾಲೀಕ.

ಕತ್ತರಿಸಿದ ಹಾಳೆಯ ಹಿಂದಿನದರಲ್ಲೂ ಮುಂದಿನದರಲ್ಲೂ ಅದೇ ಜಾಗದಲ್ಲಿ ಹುಳು ಕೊರೆದ ತೂತಿತ್ತು. ನಕಲು ತೆಗೆದವರು ಆ ತೂತನ್ನೂ ಬಿಡದೆ ಬರೆದಿದ್ದರು.

"ಹುಳಾನೂ ನಿಮ್ಮ ಲೋಕದ ಸಾವಿರ ಪುಸ್ತಕ ಸುತ್ತಿತ್ತಾ?"

ಮಾಲೀಕ ಈಗ ಎದ್ದ. "ನಾನು ಕದ್ದಿಲ್ಲ. ಬೈಂಡಿಂಗ್‌ನವಳು ಚಿತ್ರ ಬರೆಯೋ ಕೆಲಸ ಕೇಳ್ಕೊಂಡು ಬಂದಿದ್ಲು. ಕೈಯಲ್ಲಿ ಬರೆದ ನಕಲು ತೋರಿಸಿದ್ಲು. ಓದಿಲ್ಲದವರಿಗೆ ಇಲ್ಲಿ ಕೆಲಸ ಇಲ್ಲ ಅಂದೆ."

"ನಕಲಿಗೆ ಮಾತ್ರ ಕೆಲಸ ಕೊಟ್ರಿ."

"ನಕಲು ಇಲ್ಲೇ ಬಿಟ್ಟು ಹೋದ್ಲು. ನಾನೇನು ಮಾಡ್ಲಿ?"

"ಠಾಣೆಗೆ ಬಂದು ಹೇಳಿಕೆ ಕೊಡಿ. ಸಾಕು."

5.30ಕ್ಕೆ ಬೈಂಡಿಂಗ್‌ನವಳ ಕೋಣೆಯಲ್ಲಿ ಪಂಚನಾಮೆ ನಡೆಯಿತು. ಅಂಟಿನ ವಾಸನೆ, ದಾರದ ಉಂಡೆ, ಹಾಳೆ ಒತ್ತಿಡುವ ಹಲಗೆ. ಹಾಳೆಯನ್ನು ಗುರುತಿಸಲು ಗ್ರಂಥಪಾಲಕನೂ ಬಂದಿದ್ದ. ಅವಳು ತಾನೇ ಹಲಗೆ ಎತ್ತಿ ಹಾಳೆ ತೋರಿಸಿದಳು. ಒಂದು ಮಡಿಕೆಯೂ ಬಿದ್ದಿರಲಿಲ್ಲ.

"ಉಂಡ ಮನೆ ಗಳ ಎಣಿಸೋ ಬುದ್ಧಿ!" ಗ್ರಂಥಪಾಲಕ ಕೂಗಿದ. "ಆ ಅಂಟುಗೈ ಇನ್ನು ನನ್ನ ಪುಸ್ತಕ ಮುಟ್ಟಲ್ಲ."

"ಎಂಟು ಸಲ ಹೊಲಿದಿದೀನಿ ಅದನ್ನ. ಬೆನ್ನಿಗೆ ನನ್ನ ಕೈ ಬೇಕು, ಒಳಗೆ ನನ್ನ ಕಣ್ಣು ಬೇಡ ಅಲ್ವಾ?"

"ಸಾಕು ನಿಲ್ಲಿಸಿ," ಎಂದ ಇನ್‌ಸ್ಪೆಕ್ಟರ್. "ಯಾಕೆ ಕತ್ತರಿಸಿದೆ?"

"ನೋಡಿ ಬರೆಯೋಕೆ. ಮುಂದಿನ ರಿಪೇರಿಗೆ ಬಂದಾಗ ವಾಪಸ್ ಅಂಟಿಸೋಣ ಅಂತ ಅರ್ಧ ಇಂಚು ಬಿಟ್ಟಿದ್ದೆ."

"ಮತ್ತೆ?"

"ಹೊಲಿಗೆ ಬಿಚ್ಚಿಕೊಳ್ಳಲೇ ಇಲ್ಲ ಸಾರ್, ರಿಪೇರಿಗೆ ಕರೆಯಲೂ ಇಲ್ಲ. ಗಟ್ಟಿಯಾಗಿ ಹಾಕಿಬಿಟ್ಟಿದ್ದೆ."

6.10ಕ್ಕೆ ಅವಳ ಬಂಧನವಾಯಿತು. ಏಳನೇ ತರಗತಿಗೇ ಶಾಲೆ ಬಿಟ್ಟವಳು, ಹದಿನಾರು ವರ್ಷ ಓದುವವರ ಪುಸ್ತಕ ಹೊಲಿದಳು, ಅದರಲ್ಲಿ ಒಂದೇ ಒಂದು ಹಾಳೆಯನ್ನು ಕಣ್ತುಂಬ ನೋಡಿದಳು ಎಂಬುದನ್ನು ಹೇಳಿಕೆಯ ಯಾವ ಕಲಮಿನಲ್ಲೂ ಬರೆಯಲು ಜಾಗವಿರಲಿಲ್ಲ.

ಹೆಡ್ ಕಾನ್‌ಸ್ಟೇಬಲ್ ಹಾಳೆಯನ್ನು ಲಕೋಟೆಗೆ ಸೇರಿಸಿ ಅರಗು ಕರಗಿಸಿದಳು. ಬೈಂಡಿಂಗ್‌ನವಳು ಗ್ರಂಥಪಾಲಕನ ಕಡೆ ನೋಡಿದಳು. ಅವನು ಬಾಗಿಲ ಕಡೆ ನೋಡುತ್ತಿದ್ದ.

"ಕೋರ್ಟಿನ ಕೆಲಸ ಮುಗಿದ ಮೇಲೆ ಆ ಹಾಳೆ ನಾನೇ ಕೂರಿಸಿ ಕೊಡ್ತೀನಿ ಸಾರ್. ಅರ್ಧ ಗಂಟೆ ಪುಸ್ತಕ ಕೊಡಿ."

ಹೆಡ್ ಕಾನ್‌ಸ್ಟೇಬಲ್ ಮುದ್ರೆ ಒತ್ತಿದಳು.